ಡಚೆಸ್ ಹಸುವೂ ಆ ಕಡೆಯವರ ಜಪವೂ

೧

ಎಲ್ಲಿಂದ ಶುರು ಮಾಡಲಿ?

ಮನುಷ್ಯರಿಂದ ಶುರು ಮಾಡುವ ಹಾಗಿಲ್ಲ. ಐರ್ಲೆಂಡಿನ ಈ ಫರ್ಮ್ಯಾನ ಸೀಮೆಯಲ್ಲಿ ಒಬ್ಬನ ಹೆಸರು ಹೇಳಿದರೆ ಸಾಕು, ಅವನ ಚರ್ಚು, ಅವನ ಶಾಲೆ, ಅವನ ಓಟು, ಅವನಜ್ಜ ಯಾರ ಮೇಲೆ ಕಲ್ಲೆಸೆದಿದ್ದ ಎಂಬುದೆಲ್ಲ ಹಿಂದೆಯೇ ಬಂದುಬಿಡುತ್ತದೆ. ಫೀಲಿಮ್ ಎಂದು ಬರೆದೆನೋ, ಕ್ಯಾಥೊಲಿಕ್. ಮರ್ವಿನ್ ಎಂದೆನೋ, ಪ್ರಾಟೆಸ್ಟಂಟ್. ಕೇಳುವವರು ಆಗಲೇ ಕುರ್ಚಿಯನ್ನು ಒಂದು ಪಕ್ಕಕ್ಕೆ ಎಳೆದುಕೊಂಡಾಯಿತು. ಇನ್ನು ಕಥೆ ಹೇಳುವುದು ಯಾರಿಗೆ?

ಅದಕ್ಕೇ ಹಸುವಿನಿಂದ ಶುರು ಮಾಡುತ್ತೇನೆ. ನೀನು ಯಾವ ಕಡೆಯವಳು ಎಂದು ಹಸುವನ್ನು ಈವರೆಗೆ ಯಾರೂ ಕೇಳಿಲ್ಲ.

ಒಂದು ಕೊಟ್ಟಿಗೆಯಲ್ಲಿ ಒಂದು ಕೆಂದ ಹಸುವಿತ್ತು. ಅದರ ಹೆಸರು ಡಚೆಸ್.

(ಕೆಟ್ಟಿತು, ನೋಡಿ. ಡ್ರಮ್‌ಗಾರವ್ ಎಂಬ ಆ ಹಳ್ಳಿಯಲ್ಲಿ ಯಾವ ಕ್ಯಾಥೊಲಿಕ್ಕನೂ ತನ್ನ ಹಸುವಿಗೆ ಇಂಗ್ಲೆಂಡಿನ ರಾಜಮನೆತನದ ಹೆಸರಿಡುವುದಿಲ್ಲ. ಹಸುವಿಗೂ ಕಡೆ ಅಂಟಿಕೊಂಡಿತು. ದೇವರು ದೊಡ್ಡವನು, ಅವನೂ ಇಲ್ಲಿ ಬಂದರೆ ಹೆಸರು ಹೇಳುವ ಮೊದಲು ಸ್ವಲ್ಪ ಯೋಚಿಸುತ್ತಾನೇನೋ. ಇರಲಿ, ಮುಂದೆ ಹೋಗೋಣ.)

೨

ಡಚೆಸ್ ಮರ್ವಿನ್ ಕ್ರಾಫರ್ಡನ ಹಸು. ಎರಡನೆಯ ಮಹಾಯುದ್ಧ ಮುಗಿದು ಹತ್ತು ಹನ್ನೆರಡು ವರ್ಷ ಕಳೆದಿದ್ದ ಕಾಲ; ಇನ್ನೂ ಕೈಯಲ್ಲೇ ಹಾಲು ಕರೆಯುತ್ತಿದ್ದರು. ಮರ್ವಿನ್‌ಗೆ ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಭಾನುವಾರ ಚರ್ಚಿನಲ್ಲಿ ಕೀರ್ತನೆ ಹಾಡುವುದು, ಉಳಿದ ದಿನ ಹಸುಗಳೊಂದಿಗೆ ಮಾತಾಡುವುದು, ಇದು ಅವನ ಬದುಕು. ಬೇಲಿಯ ಆಚೆ ಫೀಲಿಮ್ ಮೆಕ್‌ಗವರ್ನ್, ಮದುವೆಯಾಗದವನು, ತಂಗಿ ಕನ್ಸೆಪ್ಟಾಳ ಜೊತೆ ಇದ್ದ.

ಬೇಲಿಯ ಮೇಲೆ ದಿನಾ ಬೆಳಿಗ್ಗೆ ನಡೆಯುತ್ತಿದ್ದ ಮಾತು ಹೀಗೆ:

"ಏ ಎಡಗಾಲ! ಆಲೂಗೆಡ್ಡೆ ಅಗೆಯೋದು ಮುಗೀತಾ, ಇಲ್ಲ ಪೋಪ್ ಬಂದು ಒಂದು ಕೈ ಹಾಕ್ಲಿ ಅಂತ ಕಾಯ್ತಿದೀಯಾ?"

"ಮುಗೀತು ಕಣೋ ಕರಿಬಾಯಿ. ಡೋಲು ಬಡಿದ್ರೆ ಗೆಡ್ಡೆ ತಾನಾಗೇ ಎದ್ದು ಬರುತ್ತೆ ಅಂತ ನಿನ್ನ ಹಾಗೆ ಕೂತಿರೋಕೆ ನಮಗೆ ಪುರಸೊತ್ತಿಲ್ಲ."

(ಕ್ಯಾಥೊಲಿಕ್ಕರು ಗುದ್ದಲಿಯನ್ನು ಎಡಗಾಲಿನಿಂದ ಒತ್ತುತ್ತಾರೆಂಬುದು ಪ್ರಾಟೆಸ್ಟಂಟರ ನಂಬಿಕೆ, ಅದಕ್ಕೆ ಎಡಗಾಲ. ಮರ್ವಿನ್‌ನ ಪಂಗಡದವರಿಗೆ ಕರಿಬಾಯಿ ಎನ್ನುವುದೇಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇವಲ್ಲದೆ ಕ್ಯಾಥೊಲಿಕ್ಕರಿಗೆ ಟೀಗ್, ಫೀನಿಯನ್; ಪ್ರಾಟೆಸ್ಟಂಟರಿಗೆ ಪ್ರಾಡ್, ಕಿತ್ತಳೆ; ಹೀಗೆ ಇಡೀ ಸೀಮೆಯಲ್ಲಿ ಬೈಗುಳಕ್ಕೆ ಬರವಿಲ್ಲ. ಇದೇ ಪದ ದನದ ಸಂತೆಯಲ್ಲಿ ಅಪರಿಚಿತನ ಬಾಯಿಂದ ಬಂದರೆ ಹಲ್ಲು ಉದುರುತ್ತಿತ್ತು. ಬೇಲಿಯ ಮೇಲಿಂದ ಬಂದರೆ ಬಾ, ಚಹಾ ಕುಡಿ ಎಂದ ಹಾಗೆ.)

ನಿಜ ಹೇಳಬೇಕೆಂದರೆ ಮೊದಲ ಕರಡಿನಲ್ಲಿ ನಾನು ಈ ಬೈಗುಳಗಳನ್ನೆಲ್ಲ ತೆಗೆದುಹಾಕಿದ್ದೆ. ಪುಸ್ತಕ ಓದುವವರು ಮರ್ಯಾದಸ್ಥರು, ಮನಸ್ಸಿಗೆ ನೋವಾದೀತು ಎಂದು ಇಬ್ಬರ ಬಾಯಲ್ಲೂ ‘ಸೋದರ’ ಎಂದು ಹಾಕಿದೆ. ಫೀಲಿಮ್ ಕಥೆಯೊಳಗಿಂದ ತಲೆ ಹೊರಗೆ ಹಾಕಿದ.

"ಮರ್ವಿನ್ ನನ್ನ ಸೋದರ ಅಂತ ಕರೆದ್ನಾ?"

"ಹೌದು. ಚೆನ್ನಾಗಿದೆಯಲ್ಲ?"

"ಹಾಗೆ ಕರೆದ್ರೆ ನಾನು ಡಾಕ್ಟರಿಗೆ ಹೇಳಿಕಳಿಸ್ತೀನಿ. ತೆಗಿ ಅದನ್ನ."

ತೆಗೆದೆ.

೩

ಅವರಲ್ಲೊಂದು ಪದ್ಧತಿಯಿತ್ತು. ಜುಲೈ ಹನ್ನೆರಡು ಮರ್ವಿನ್ ಕಡೆಯವರ ಹಬ್ಬ. ಯಾವ ಕಾಲದ್ದೋ ಯುದ್ಧದ ಗೆಲುವಿಗೆ ಕಿತ್ತಳೆ ಬಣ್ಣದ ಪಟ್ಟಿ ಕೊರಳಿಗೆ ಹಾಕಿಕೊಂಡು, ಡೋಲು ಕೊಳಲು ಬಾರಿಸುತ್ತ ಇಡೀ ದಿನ ಮೆರವಣಿಗೆ. ಆ ದಿನ ಮರ್ವಿನ್‌ನ ಹಸುಗಳನ್ನು ಫೀಲಿಮ್ ಕರೆಯುತ್ತಿದ್ದ. ಆಗಸ್ಟ್ ಹದಿನೈದಕ್ಕೆ ಮಾತೆ ಮರಿಯಳ ಹಬ್ಬ. ಫೀಲಿಮ್ ತನ್ನ ಕಡೆಯವರ ಮೆರವಣಿಗೆಗೆ ಹೋದರೆ ಅವನ ಹಸುಗಳನ್ನು ಮರ್ವಿನ್ ಕರೆಯುತ್ತಿದ್ದ. ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೀಗೆಯೇ. ನನ್ನ ವೈರಿ ನನ್ನನ್ನು ಬೈಯುತ್ತ ಮೆರವಣಿಗೆ ಹೋಗುವುದಕ್ಕೆ ನಾನು ಅವನ ಹಸು ಕರೆದುಕೊಡುವುದು ಹೇಗೆ ಎಂದು ಅಲ್ಲಿ ಯಾರೂ ಕೇಳಿದ್ದಿಲ್ಲ. ಹಸುವಿಗೆ ಕೆಚ್ಚಲು ತುಂಬಿದರೆ ಯಾರಾದರೂ ಕರೆಯಬೇಕಲ್ಲ?

ಆ ವರ್ಷ ಮರ್ವಿನ್‌ನನ್ನು ಅವರ ಸಂಘದ, ಅವರ ಮಾತಿನಲ್ಲಿ ಲಾಡ್ಜಿನ, ಮಾಸ್ಟರ್ ಎಂದು ಆರಿಸಿದ್ದರು. ಜುಲೈ ಹನ್ನೆರಡರಂದು ಎಲ್ಲರ ಮುಂದೆ ನಡೆಯುವ ಮರ್ಯಾದೆ ಅದು. ಅವನಪ್ಪ ಜೀವನವೆಲ್ಲ ಬಯಸಿ ಸಿಗದೆ ಹೋದದ್ದು. ಈಸ್ಟರ್ ಕಳೆದ ಮೇಲೆ ಒಂದು ದಿನ ಹುಲ್ಲಿನ ಅಟ್ಟದಿಂದ ಬಿದ್ದು ಬಲಗೈ ಮುರಿದುಕೊಂಡ.

ಮೂಳೆ ಕೂಡಿಸಿದ ಡಾಕ್ಟರು ಇನ್ನೂ ಗೇಟು ದಾಟಿರಲಿಲ್ಲ, ಫೀಲಿಮ್ ಬಕೆಟ್ಟು ಹಿಡಿದುಕೊಂಡು ಬಂದಿದ್ದ.

"ಯಾರು ಕರೆದ್ರೋ ನಿನ್ನ?"

"ನಿನ್ನ ಹಸು ಕರೀತು. ಕೂತ್ಕೋ ಸುಮ್ನೆ. ಆ ಕೈಯಲ್ಲಿ ಇನ್ನು ಡೋಲು ಬಡಿಯೋ ಹಾಗಿಲ್ವಲ್ಲ, ಕರ್ತರು ದೊಡ್ಡವರು, ಊರಿಗೆ ಸ್ವಲ್ಪ ನಿದ್ದೆ ಬರುತ್ತೆ."

ವಸಂತವೆಲ್ಲ ಹೊತ್ತಾರೆ, ಸಂಜೆ, ಫೀಲಿಮ್ ಬಂದ. ತನ್ನ ಹಸು ಮುಗಿಸಿ ಇವನ ಹಸು. ಮರ್ವಿನ್ ಅಡುಗೆಮನೆಯಲ್ಲಿ ಎಡಗೈಯಿಂದ ಬ್ರೆಡ್ಡಿಗೆ ಬೆಣ್ಣೆ ಹಚ್ಚಲು ಒದ್ದಾಡುತ್ತ ಕೂತಿದ್ದರೆ, ಗೋಡೆಯಾಚೆ ಕೊಟ್ಟಿಗೆಯಿಂದ ಬಕೆಟ್ಟಿಗೆ ಹಾಲು ಬೀಳುವ ಸದ್ದು. ಅದರ ಜೊತೆಗೆ ಜೇನುಗೂಡಿನ ಹಾಗೆ ಒಂದು ಗುಂಯ್ ಎನ್ನುವ ದನಿ. ಹಸುವಿಗೆ ಏನೋ ಹೇಳಿಕೊಳ್ಳುತ್ತಿದ್ದಾನೆ ಎಂದುಕೊಂಡ. ಹೇಳಿಕೊಳ್ಳಲಿ, ಮದುವೆಯಿಲ್ಲದವನು.

೪

(ಮೂರೂವರೆ ಎಂಬ ಒಂದು ಭಾಗವಿತ್ತು. ಅದರಲ್ಲಿ ನಾನು ಆ ದೇಶದ ಇತಿಹಾಸ ಬರೆದಿದ್ದೆ. ಕನ್ಸೆಪ್ಟಾ ಓದಿ, "ಇದ್ರಲ್ಲಿ ಹಸು ಎಲ್ಲಿ?" ಎಂದಳು. ಹರಿದು ಒಲೆಗೆ ಹಾಕಿದೆ.)

ಜೂನ್‌ನಲ್ಲಿ ಕೈ ಸರಿಹೋಯಿತು. ಮರ್ವಿನ್ ಮೊದಲ ದಿನ ಖುಷಿಯಿಂದ ಮಣೆ ಹಾಕಿಕೊಂಡು ಕೂತ. ಉಳಿದ ಹಸುಗಳು ಯಾರಿಗಾದರೂ ಹಾಲು ಕೊಡುವಂಥವು, ಕೊಟ್ಟವು. ಡಚೆಸ್ ಸೊರೆ ಬಿಡಲಿಲ್ಲ. ಕೆಚ್ಚಲು ತುಂಬಿದೆ, ತೊಟ್ಟು ಬಿಗಿದಿದೆ, ಹಾಲಿಲ್ಲ. ಹಿಂದಕ್ಕೆ ತಿರುಗಿ ಅವನನ್ನು ನೋಡಿತು, ಏನೋ ಮರೆತಿದ್ದೀ ಎನ್ನುವ ಹಾಗೆ.

ಬೆನ್ನು ತಟ್ಟಿದ. ಬೆಚ್ಚನೆ ನೀರಲ್ಲಿ ಕೆಚ್ಚಲು ಒರೆಸಿದ. ಓಟ್ಸ್ ಹಾಕಿದ. ಕೀರ್ತನೆ ಹಾಡಿದ, ಡಚೆಸ್ ಕಿವಿ ಆಡಿಸಿತು, ಅಷ್ಟೆ. ಮೆರವಣಿಗೆಯ ಧಾಟಿಯೊಂದನ್ನು ಸಿಳ್ಳೆ ಹಾಕಿದ್ದಕ್ಕೆ ಬಕೆಟ್ಟಿಗೆ ಒದ್ದಿತು. ಕೊನೆಗೆ ಬೇಲಿಗೆ ಹೋದ.

"ಏ ಎಡಗಾಲ, ನನ್ನ ಹಸುಗೆ ಏನೋ ಮಾಡಿದೆ?"

"ಏನು ಮಾಡ್ದೆ? ಹಾಲು ಕರೆದೆ."

"ಅದರ ಕಿವೀಲಿ ಏನೋ ಗುಂಯ್ ಅಂತಿದ್ಯಲ್ಲ. ಏನದು?"

ಫೀಲಿಮ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಜಪಸರ."

"ಏನು?"

"ಜಪಸರ ಕಣಯ್ಯ. ಹಸು ಕರೆಯುವಾಗ ಜಪಸರ ಹೇಳೋದು ನಮ್ಮಮ್ಮ ಕಲಿಸಿದ್ದು. ಕೈಗೂ ಒಂದು ತಾಳ ಸಿಗುತ್ತೆ. ನಿನ್ನ ಹಸು ಅಂತ ನಿಲ್ಲಿಸೋಕಾಗುತ್ತಾ? ಅಭ್ಯಾಸ."

ಮರ್ವಿನ್ ಬೇಲಿಯ ಕಂಬ ಹಿಡಿದುಕೊಂಡ. "ನಾನು ಲಾಡ್ಜಿನ ಮಾಸ್ಟರ್ ಕಣೋ! ನನ್ನ ಕೊಟ್ಟಿಗೇಲಿ, ನನ್ನ ಹಸುಗೆ, ನಮೋ ಮರಿಯೇ ಕಲಿಸಿದೀಯಾ!"

"ಹಸುಗೆ ಜ್ಞಾನಸ್ನಾನ ಮಾಡಿಸಿ ಮತಕ್ಕೆ ಸೇರಿಸಿಲ್ಲ, ಹೆದರ್ಬೇಡ."

"ನಗ್ಬೇಡ. ಈಗ ಏನು ಮಾಡ್ಲಿ?"

"ಏನು ಮಾಡೋದು, ನೀನೇ ಹೇಳು. ದೊಡ್ಡದೇನಲ್ಲ. ಒಂದೇ ಮಾತು ಮತ್ತೆ ಮತ್ತೆ."

"ನಮ್ಮಲ್ಲಿ ದೇವರಿಗೆ ನೇರವಾಗಿ ಹೇಳ್ತೀವಿ. ಮಧ್ಯೆ ಯಾರನ್ನೂ ಹಿಡಿಯಲ್ಲ."

"ನಾವು ಮರಿಯ ತಾಯಿ ಕೈಲಿ ಹೇಳಿಸ್ತೀವಿ. ಅಪ್ಪನ ಹತ್ರ ಏನಾದ್ರೂ ಬೇಕಾದ್ರೆ ನೀನು ನಿಮ್ಮಮ್ಮನ ಸೆರಗು ಹಿಡೀತಿರ್ಲಿಲ್ವಾ?"

ಮರ್ವಿನ್ ಮನೆಯತ್ತ ತಿರುಗಿದ. ಸೆರಗೇನೋ ಹಿಡಿಯುತ್ತಿದ್ದ.

(ಇಲ್ಲಿ ನೀವು ನಗುತ್ತೀರಿ, ನನಗೆ ಗೊತ್ತು. ನಾನೂ ಬರೆಯುವಾಗ ನಕ್ಕೆ. ಆದರೆ ತಾನು ನಂಬದ ಪ್ರಾರ್ಥನೆಯನ್ನು ಬಾಯಲ್ಲಿ ಹೇಳುವುದು ನಂಬಿಗಸ್ಥನಿಗೆ ಸಣ್ಣ ವಿಷಯವಲ್ಲ. ದೇವರ ಮುಂದೆ ಸುಳ್ಳು ಹೇಳಬಾರದೆಂದು ಮರ್ವಿನ್ ನಿಜವಾಗಿ ನಂಬಿದ್ದ. ನಾನು ಯಾವ ಕಡೆಯವನೆಂದು ಕೇಳುತ್ತೀರಾ? ಪ್ರಾರ್ಥಿಸುವವನು, ಅಷ್ಟು ಸಾಕು.)

೫

ಹೀಗಾಗಿ ಡಚೆಸ್‌ಗೋಸ್ಕರ ಫೀಲಿಮ್ ಮತ್ತೆ ಹೊತ್ತಾರೆ ಸಂಜೆ ಬರತೊಡಗಿದ. ಮರ್ವಿನ್‌ನ ಕೈ ಸರಿಯಾಗಿದೆ ಎಂದು ಊರಿಗೆಲ್ಲ ಗೊತ್ತು. ಆದರೂ ಆ ಎಡಗಾಲ ಯಾಕೆ ದಿನಾ ಬರುತ್ತಾನೆ ಎಂದು ಮಾತು ಎದ್ದಿತು.

ಮರ್ವಿನ್‌ಗೆ ಅವನ ಕಡೆಯವರಲ್ಲೇ ಲಂಡಿ ಎಂಬ ಹೆಸರು ಬಿತ್ತು. ಹಿಂದೆ ಮುತ್ತಿಗೆಯ ಕಾಲದಲ್ಲಿ ಕೋಟೆಯ ಬಾಗಿಲನ್ನು ವೈರಿಗೆ ತೆರೆಯಹೊರಟನೆಂದು ವರ್ಷವರ್ಷವೂ ಯಾರ ಗೊಂಬೆ ಸುಡುತ್ತಾರೋ ಅವನ ಹೆಸರು ಅದು. ಫೀಲಿಮ್‌ನನ್ನು ಅವನ ಕಡೆಯವರೇ ಸೂಪಿನವ ಎಂದರು. ಕ್ಷಾಮದ ಕಾಲದಲ್ಲಿ ಒಂದು ಬಟ್ಟಲು ಸೂಪಿಗೆ ಮತ ಬಿಟ್ಟವರಿಗೆ ಇದ್ದ ಹೆಸರು.

ಎದುರಿನವರು ಕೊಟ್ಟ ಹೆಸರನ್ನು ಇಬ್ಬರೂ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದರು. ತಮ್ಮವರು ಕೊಟ್ಟದ್ದು ಚುಚ್ಚಿತು.

"ಅಣ್ಣಾ, ಅಂಗಡೀಲಿ ನನಗೆ ಬೇಕೂಂತಲೇ ಸೂಪು ಪೊಟ್ಟಣ ತೋರಿಸಿದ್ರು" ಎಂದಳು ಕನ್ಸೆಪ್ಟಾ.

"ತಗೊಂಡು ಬಂದ್ಯಾ?"

"ತರದೆ? ತಿರುಗಿ ಏನನ್ನಬೇಕು ಅಂತ ತಿಳೀಲಿಲ್ಲ, ಎರಡು ಪೊಟ್ಟಣ ತಂದೆ."

ಜುಲೈ ಮೊದಲ ವಾರ ಒಂದು ಸಂಜೆ ಲಾಡ್ಜಿನ ಕಾರ್ಯದರ್ಶಿ ಐವನ್ ಕ್ರೋಜಿಯರ್ ಮರ್ವಿನ್‌ನ ಅಂಗಳಕ್ಕೆ ಕಾರು ತಂದು ನಿಲ್ಲಿಸಿದ. ಮೆರವಣಿಗೆಯ ಮಾತಾಡುವ ನೆಪ. ಮಾತಾಡುತ್ತ ಆಡುತ್ತ ಕೊಟ್ಟಿಗೆಯ ಕಡೆ ಕಿವಿ ತಿರುಗಿಸಿದ.

"ಒಳಗೆ ಯಾರೋ ಮಂತ್ರ ಹೇಳ್ತಿರೋ ಹಾಗಿದೆ ಮಾಸ್ಟರ್."

ಅಷ್ಟರಲ್ಲಿ ಫೀಲಿಮ್ ತುಂಬಿದ ಬಕೆಟ್ಟು ಹಿಡಿದು ಹೊರಗೆ ಬಂದ. ಕ್ರೋಜಿಯರನನ್ನು ಕಂಡು ಟೋಪಿ ಮುಟ್ಟಿದ. ಆಮೇಲೆ ದಿನಾ ಹೇಳುವ ಹಾಗೆ ಏನೋ ಹೇಳಲು ಬಾಯಿ ತೆರೆದ. ಮರ್ವಿನ್ ಅದಕ್ಕೆ ಮೊದಲೇ ಮಾತಾಡಿದ.

"ಉಪಕಾರವಾಯ್ತು ಮಿಸ್ಟರ್ ಮೆಕ್‌ಗವರ್ನ್. ಕೈ ಈಗ ಸರಿಯಾಗಿದೆ. ಇನ್ನು ನೀವು ತೊಂದರೆ ತಗೊಳ್ಳೋದು ಬೇಡ."

ಫೀಲಿಮ್ ಬಕೆಟ್ಟನ್ನು ಕೆಳಗಿಟ್ಟ. ಚೆಲ್ಲದ ಹಾಗೆ, ನಿಧಾನವಾಗಿ ಇಟ್ಟ.

"ಆಗಲಿ ಮಿಸ್ಟರ್ ಕ್ರಾಫರ್ಡ್."

ಮೂವತ್ತು ವರ್ಷದ ನೆರೆಹೊರೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಮಿಸ್ಟರ್ ಎಂದದ್ದು ಅದೇ ಮೊದಲು. ಆಗಿದ್ದಿಷ್ಟೇ. ಕ್ರೋಜಿಯರ್‌ಗೆ ಅದರಲ್ಲಿ ಏನೂ ಕೇಳಿಸಲಿಲ್ಲ. ನೆರೆಯವರೊಂದಿಗೆ ಮರ್ಯಾದೆಯಿಂದ ಇದ್ದೀರಿ ಎಂದು ಮೆಚ್ಚಿಕೊಂಡು ಹೋದ.

೫ (ಮತ್ತೆ)

ಮರ್ವಿನ್ ಬಂದು ನನ್ನ ಮೇಜಿನ ಮುಂದೆ ನಿಂತ.

"ಅದನ್ನ ಬದಲಾಯ್ಸು."

"ಯಾವುದನ್ನ?"

"ಮಿಸ್ಟರ್ ಅಂದದ್ದನ್ನ. ನನ್ನ ಬಾಯಿಗೆ ಬೇರೇನಾದ್ರೂ ಹಾಕು. ಹೋಗೋ ಟೀಗ್ ಅಂತ ಅನ್ನಿಸು. ಫೀನಿಯನ್ ಅನ್ನಿಸು. ಕ್ರೋಜಿಯರ್‌ಗೂ ಖುಷಿಯಾಗುತ್ತೆ, ನಾನು ಅವನನ್ನ ಬಿಟ್ಟಿಲ್ಲ ಅಂತ ಫೀಲಿಮ್‌ಗೂ ತಿಳಿಯುತ್ತೆ."

ಬದಲಾಯಿಸಲು ನೋಡಿದೆ. ಕಾಗದದ ಮೇಲೆ ಬೈಗುಳ ಬರೆದೆ, ಓದಿದೆ. ಅಪ್ಪಟ ಸುಳ್ಳಿನ ಹಾಗೆ ಕೇಳಿಸಿತು. ಹೆದರಿದವನು ಬೈಯುವುದಿಲ್ಲ, ಮರ್ಯಾದೆ ಕೊಡುತ್ತಾನೆ. "ಆಗಲ್ಲ ಮರ್ವಿನ್" ಎಂದೆ. ಅವನು ಹೋದ. ಹೋಗುವಾಗ ಬಾಗಿಲು ಹಾಕಿಕೊಳ್ಳಲಿಲ್ಲ. (ಪಾತ್ರಗಳಿಗೆ ಈ ಬುದ್ಧಿ ಬರುವುದೇ ಇಲ್ಲ.)

೬

ಅಂದಿನಿಂದ ಡಚೆಸ್ ಹಾಲು ಬಿಡಲಿಲ್ಲ. ಮರ್ವಿನ್ ಹಿಂಡಿ ಹಿಂಡಿ ತಳ ಮುಚ್ಚುವಷ್ಟು ತೆಗೆಯುತ್ತಿದ್ದ, ಅಷ್ಟೆ. ಕೆಚ್ಚಲಿನ ಒಂದು ಮೂಲೆ ಬಿಸಿಯಾಗಿ, ಕಲ್ಲಿನ ಹಾಗೆ ಗಟ್ಟಿಯಾಯಿತು. ಮುಟ್ಟಿದರೆ ಹಸು ನಡುಗುತ್ತಿತ್ತು. ಬಾವು ಹತ್ತಿತ್ತು. ಇನ್ನೆರಡು ದಿನ ಹೀಗೇ ಹೋದರೆ ಆ ಮೂಲೆ ಬತ್ತುತ್ತದೆ, ಆಮೇಲೆ ಜ್ವರ, ಆಮೇಲೆ ಕಟುಕರ ಗಾಡಿ. ಡಚೆಸ್ ಅವನ ಹೆಂಡತಿ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ ಕೊನೆಯ ಕರು.

ಬೇಲಿಗೆ ಹೋದ. ಆಚೆ ಕನ್ಸೆಪ್ಟಾ ಬಟ್ಟೆ ಒಣಹಾಕುತ್ತಿದ್ದಳು.

"ಫೀಲಿಮ್ ಇದಾನಾ?"

"ಮಿಸ್ಟರ್ ಮೆಕ್‌ಗವರ್ನ್ ಅವರು ಒಳಗಿದಾರೆ" ಎಂದಳು, ಬಟ್ಟೆಯ ಕ್ಲಿಪ್ಪು ಹಲ್ಲಲ್ಲಿ ಕಚ್ಚಿಕೊಂಡೇ. "ಏನಾದ್ರೂ ಹೇಳ್ಬೇಕಾ?"

"ಏನಿಲ್ಲ."

"ನಿಮ್ಮ ಹನ್ನೆರಡನೇ ತಾರೀಖು ಬಂತಲ್ಲ. ಹಸು ಯಾರು ನೋಡ್ತಾರೆ?"

"ನಾನೇ ನೋಡ್ಕೊಂಡು ಹೋಗ್ತೀನಿ."

ಅವಳು ಕ್ಲಿಪ್ಪು ಬಾಯಿಂದ ತೆಗೆದಳು. ಮುಖ ಸ್ವಲ್ಪ ಮೆತ್ತಗಾಯಿತು. "ಅಣ್ಣನೂ ಊಟ ಸರಿಯಾಗಿ ಮಾಡ್ತಿಲ್ಲ, ಮರ್ವಿನ್" ಎಂದಳು. "ಎರಡು ಪೊಟ್ಟಣ ಸೂಪು ಹಾಗೇ ಬಿದ್ದಿದೆ."

೭

ಹನ್ನೆರಡನೆಯ ತಾರೀಖು ಬೆಳಿಗ್ಗೆ. ಲಾಡ್ಜಿನವರು ವಾದ್ಯ ಸಮೇತ ಮಾಸ್ಟರನ ಮನೆಗೇ ಬಂದು ಅವನನ್ನು ಮುಂದಿಟ್ಟುಕೊಂಡು ಹೊರಡುವುದು ವಾಡಿಕೆ. ಮರ್ವಿನ್ ಕರಿ ಸೂಟು ಹಾಕಿ, ಕಿತ್ತಳೆ ಪಟ್ಟಿಯನ್ನು ಕೊಟ್ಟಿಗೆಯ ಮೊಳೆಗೆ ನೇತುಹಾಕಿ, ಸೊಂಟಕ್ಕೆ ಗೋಣಿ ಕಟ್ಟಿಕೊಂಡು ಡಚೆಸ್ ಪಕ್ಕ ಕೂತ. ಹಣೆಯನ್ನು ಅದರ ಪಕ್ಕೆಗೆ ಒತ್ತಿದ. ಬಿಸಿ ಹತ್ತುತ್ತಿತ್ತು.

ಆಮೇಲೆ ತನ್ನ ದೇವರಿಗೆ, ತನ್ನ ಪದ್ಧತಿಯಂತೆ, ನೇರವಾಗಿ ಹೇಳಿದ: ಕರ್ತನೇ, ನಾನೀಗ ಹೇಳುವುದು ಹಸುವಿಗೋಸ್ಕರ. ತಪ್ಪಿದ್ದರೆ ನನ್ನ ಮೇಲಿರಲಿ, ಅವಳ ಮೇಲೆ ಬೇಡ.

ಹಾಗೆಂದು, ಜಪವೆಂದು ತಿಳಿದ ಮೇಲೆ ಜೂನೆಲ್ಲ ಗೋಡೆಯಾಚೆಯಿಂದ ಕಿವಿಗೊಟ್ಟು ಕೇಳಿದ್ದ ಮಾತನ್ನು ತೊದಲುತ್ತ ಶುರು ಮಾಡಿದ. ನಮೋ ಮರಿಯೇ ಎಂದ. ಅರ್ಧದವರೆಗೆ ಬಂತು. ಜಪಸರವನ್ನು ಇಬ್ಬರು ಹಂಚಿಕೊಂಡು ಹೇಳುವುದು ರೂಢಿ: ಮೊದಲರ್ಧ ಒಬ್ಬರದು, ಉಳಿದರ್ಧ ಇನ್ನೊಬ್ಬರದು. ಫೀಲಿಮ್ ಒಬ್ಬನೇ ಹೇಳುವಾಗ ಆ ಉಳಿದರ್ಧವನ್ನು ಒಳಗೊಳಗೇ ಗುನುಗಿ ಮುಗಿಸುತ್ತಿದ್ದ. ಗೋಡೆ ದಾಟಿ ಅದು ಬಂದೇ ಇರಲಿಲ್ಲ. ಮರ್ವಿನ್ ತಡವರಿಸಿದ. ಡಚೆಸ್ ಹಿಂಗಾಲು ಎತ್ತಿತು.

ಆಗ ಅರೆಬಾಗಿಲಿನ ಹೊರಗಿಂದ, ಮೆಲ್ಲಗೆ:

"...ಪಾಪಿಗಳಾದ ನಮಗಾಗಿ ಈಗಲೂ ನಮ್ಮ ಮರಣದ ವೇಳೆಯಲ್ಲೂ ಪ್ರಾರ್ಥಿಸು."

ಮರ್ವಿನ್ ತಿರುಗಿ ನೋಡಲಿಲ್ಲ. ಹೊರಗಿನವನು ಒಳಗೆ ಬರಲಿಲ್ಲ. ಅವನನ್ನು ಯಾರೂ ಕರೆದಿರಲಿಲ್ಲ. ಮರ್ವಿನ್ ಎರಡನೆಯದನ್ನು ಶುರು ಮಾಡಿದ. ಉಳಿದರ್ಧ ಹೊರಗಿಂದ ಬಂತು. ಮೂರನೆಯದಕ್ಕೆ ಡಚೆಸ್ ಕಾಲು ಕೆಳಗಿಟ್ಟು ನಿಡಿದಾಗಿ ಉಸಿರು ಬಿಟ್ಟಿತು. ಬೆರಳುಗಳ ನಡುವೆ ಹಾಲು ಇಳಿಯಿತು.

ದೂರದಲ್ಲಿ, ಓಣಿಯ ತಿರುವಿನಲ್ಲಿ, ಡೋಲಿನ ಸದ್ದು.

೮

ಈಗ ನಾನು ಕಥೆ ಮುಗಿಸಬೇಕು. ಮುಗಿಸಲು ನೋಡಿದೆ.

ಮೊದಲ ಮುಕ್ತಾಯ: ಲಾಡ್ಜಿನವರು ಬರುತ್ತಾರೆ, ಕ್ರೋಜಿಯರ್ ಕಣ್ಣೊರೆಸಿಕೊಳ್ಳುತ್ತಾನೆ, ಎಲ್ಲರೂ ಸೇರಿ ಜಪ ಮಾಡುತ್ತಾರೆ.

"ಕ್ರೋಜಿಯರ್ ಅಂಥೋನಲ್ಲ" ಎಂದ ಮರ್ವಿನ್. "ಅವನನ್ನ ನನ್ನಷ್ಟು ನೀನು ಕಂಡಿಲ್ಲ. ಸುಳ್ಳು ಬರೀಬೇಡ."

ಎರಡನೆಯ ಮುಕ್ತಾಯ: ಮರ್ವಿನ್‌ನ ಪಟ್ಟಿ ಕಿತ್ತುಕೊಂಡು ಲಂಡಿ ಎಂದು ಉಗಿದು ಹೋಗುತ್ತಾರೆ. ಅಂಗಳ ಖಾಲಿಯಾಗುತ್ತದೆ. ಫೀಲಿಮ್ ಬಾಗಿಲಿಂದ ಇಣುಕಿ, ಏ ಕರಿಬಾಯಿ, ಚಹಾ ಆಗಿದೆ ಬಾ ಎನ್ನುತ್ತಾನೆ. ಇದು ನನಗೆ ಇಷ್ಟವಾಗಿತ್ತು. ಫೀಲಿಮ್ ಒಪ್ಪಲಿಲ್ಲ.

"ಒಂದು ಬೈಗುಳಕ್ಕೆ ಎಲ್ಲಾ ಸರಿಹೋಗುತ್ತೆ ಅಂದ್ಕೊಂಡ್ಯಾ? ನನಗೆ ಇನ್ನೂ ಸಿಟ್ಟಿದೆ. ಹಸು ಅಂತ ಬಂದೆ."

ಮೂರನೆಯದು ಕನ್ಸೆಪ್ಟಾಳದು. "ಆ ಹಸೂನ ಹಗ್ಗ ಹಿಡಿದು ಸಂಜೆಗತ್ತಲಲ್ಲಿ ನಮ್ಮ ಕೊಟ್ಟಿಗೆಗೆ ತಂದು ಕಟ್ಟಿದ್ರೆ ಯಾರಿಗೂ ತಲೆನೋವಿರ್ತಿರಲಿಲ್ಲ. ಗಂಡಸರ ತಲೇಲಿ ಹುಟ್ಟಿದ ಕಥೆ ಇದು, ಗೊತ್ತಾಗುತ್ತೆ." (ಈ ಮಾತನ್ನು ಹಾಗೇ ಬರೆದಿಟ್ಟೆ.)

ಮೂರನ್ನೂ ಬಿಟ್ಟು, ಮತ್ತೆ ಕೊಟ್ಟಿಗೆಗೆ ಹೋದೆ. ಆ ಕಲ್ಲಾಗಿದ್ದ ಮೂಲೆ ಆಗಷ್ಟೇ ಮೆತ್ತಗಾಗತೊಡಗಿತ್ತು. ಈಗ ಎದ್ದರೆ ಡಚೆಸ್ ಮತ್ತೆ ಬಿಗಿದುಕೊಳ್ಳುತ್ತದೆ. ಕೊಳಲು, ಡೋಲು, ಬೂಟುಗಳ ಸದ್ದು ಅಂಗಳಕ್ಕೆ ಬಂದು ನಿಂತಿತು. ಕೊಟ್ಟಿಗೆಯ ಬಾಗಿಲಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಮಣಿಸರ ಹಿಡಿದ ಫೀಲಿಮ್. ಹಾರಿ ಓಡಿಹೋಗಲು ಹಿಂದೆ ಗಿಡ್ಡ ಗೋಡೆಯಿತ್ತು, ಓಡಲಿಲ್ಲ.

"ಮಾಸ್ಟರ್?" ಕ್ರೋಜಿಯರ್ ಕೂಗಿದ. "ಸಿದ್ಧವಾದ್ರಾ? ಇವನೇನು ಮಾಡ್ತಿದಾನೆ ಇಲ್ಲಿ?"

ಮೊಳೆಯಲ್ಲಿ ಕಿತ್ತಳೆ ಪಟ್ಟಿ ಕೈಗೆಟಕುವಷ್ಟು ದೂರದಲ್ಲಿತ್ತು. ಮರ್ವಿನ್ ಅದನ್ನು ನೋಡಿದ. ಅವನಪ್ಪನ ಪಟ್ಟಿ.

"ನಾನೇ ಇರು ಅಂದೆ" ಎಂದ ಮರ್ವಿನ್, ಒಳಗಿಂದಲೇ. "ಹಾಲು ಕರೀತಿದೀವಿ. ಇನ್ನೂ ಮುಗಿದಿಲ್ಲ. ಕಾಯೋರು ಕಾಯಿರಿ."

ಹಣೆಯನ್ನು ಮತ್ತೆ ಹಸುವಿನ ಪಕ್ಕೆಗೆ ಒತ್ತಿ, ಮುಂದಿನ ಮಣಿಯ ಜಪವನ್ನು ಶುರು ಮಾಡಿದ. ಈ ಸಲ ತೊದಲಲಿಲ್ಲ. ಭಾನುವಾರ ಚರ್ಚಿನಲ್ಲಿ ಕೀರ್ತನೆ ಎತ್ತಿಕೊಡುವ ಅದೇ ದನಿಯಲ್ಲಿ, ಅಂಗಳದ ಕೊನೆಯವರೆಗೂ ಕೇಳುವ ಹಾಗೆ, ಅರ್ಧದವರೆಗೆ ಹೇಳಿ ನಿಲ್ಲಿಸಿದ.

ಉಳಿದರ್ಧ ಫೀಲಿಮ್‌ನದು.

ಅಷ್ಟು ಜನ ಕಿತ್ತಳೆ ಪಟ್ಟಿಯವರ ಎದುರು ಅವನು ಬಾಯಿ ತೆರೆದನೋ ಇಲ್ಲವೋ, ಆಮೇಲೆ ಮೆರವಣಿಗೆಯ ಮುಂದೆ ಯಾರು ನಡೆದರು, ಇದನ್ನು ನಾನು ಬರೆಯುವುದಿಲ್ಲ. ಕೇಳಬೇಡಿ; ಎರಡು ಕಡೆಯವರೂ ಬಂದು ನನ್ನನ್ನು ಕೇಳಿಯಾಗಿದೆ, ಇಬ್ಬರಿಗೂ ಹೇಳಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಬಕೆಟ್ಟಿಗೆ ಹಾಲು ಬೀಳುತ್ತಲೇ ಇತ್ತು, ಮರ್ವಿನ್ ಕಾಯುತ್ತಿದ್ದ. ಅಂಗಳದ ಹಿಂದಿನ ಸಾಲಿನಲ್ಲಿ ಯಾರೋ, ಇನ್ನೂ ಸಣ್ಣಗೆ ಮಿಡಿಯುತ್ತಿದ್ದ ಡೋಲಿನ ಚರ್ಮದ ಮೇಲೆ ಅಂಗೈಯಿಟ್ಟು ಅದನ್ನು ಸುಮ್ಮನಾಗಿಸಿದರು.